ಮೇಕನ್‌ನಲ್ಲಿ ಉಬ್ಬಿದ ಪೌಂಡ್ ಕೇಕ್ ಬೆಂಗಳೂರಿನಲ್ಲಿ ಏಕೆ ಕುಸಿಯುತ್ತದೆ?

ಪ್ರಶ್ನೆ: ನಮ್ಮ ಮಗಳು ಅಮೆರಿಕದ ಜಾರ್ಜಿಯಾ ರಾಜ್ಯದ ಮೇಕನ್‌ನಲ್ಲಿದ್ದಾಳೆ. ಅಳಿಯ ಅಲ್ಲಿನವರೇ. ಅವರ ಅಜ್ಜಿ ಕೈಬರಹದಲ್ಲಿ ಬರೆದಿಟ್ಟ ತಿಂಡಿಗಳ ಚೀಟಿಗಳ ಫೋಟೊ ಕಳಿಸಿದ್ದಾಳೆ. ಪೌಂಡ್ ಕೇಕಿನ ಚೀಟಿಯಲ್ಲಿ ಇರುವುದು ಇಷ್ಟೇ: 2 ಸ್ಟಿಕ್ ಓಲಿಯೋ, 3 ಕಪ್ ಸಕ್ಕರೆ, 6 ಮೊಟ್ಟೆ, 3 ಕಪ್ ಕೇಕ್ ಫ್ಲೋರ್, 1 ಕಪ್ ವಿಪ್ಪಿಂಗ್ ಕ್ರೀಮ್, ವೆನಿಲಾ, ಚಿಟಿಕೆ ಉಪ್ಪು. ತಣ್ಣಗಿರುವ ಓವನ್‌ಗೆ ಇಡಿ, 325 ಡಿಗ್ರಿ, 1 ಗಂಟೆ 20 ನಿಮಿಷ, ಬಾಗಿಲು ತೆಗೆಯಬೇಡಿ. ಬೆಂಗಳೂರಿನಲ್ಲಿ 30 ಲೀಟರಿನ ಓಟಿಜಿಯಲ್ಲಿ (ಮೇಜಿನ ಮೇಲಿಡುವ ಚಿಕ್ಕ ವಿದ್ಯುತ್ ಓವನ್), ನಡುವೆ ಕೊಳವೆ ಇರುವ ಬಂಟ್ ಪಾತ್ರೆಯಲ್ಲಿ ಮಾಡಿದೆ. ಹಿಟ್ಟು ಅಂಚು ಮೀರಿ ಚೆಲ್ಲಿತು, ಮೇಲೆ ಕಪ್ಪಾಯಿತು, ಹೊರಗೆ ತೆಗೆದ ಮೇಲೆ ಕುಸಿಯಿತು. ಕೊಯ್ದರೆ ತಳದಲ್ಲಿ ಬೆರಳಗಲ ಮೇಣದಂಥ ಹಸಿ ಪಟ್ಟಿ. ಚೀಟಿಯಲ್ಲಿ ಬೇಕಿಂಗ್ ಪೌಡರ್ ಬರೆಯಲು ಮರೆತಿದ್ದಾರೆಯೇ? ಪೆಕಾನ್ ಪೈ (ಹಿಟ್ಟಿನ ಕವಚದೊಳಗೆ ಸಿಹಿ ಪಾಕ, ಅಕ್ರೋಟಿನಂಥ ಪೆಕಾನ್ ಬೀಜ ತುಂಬಿ ಬೇಯಿಸುವುದು) ಕೂಡ ಒಳಗೆ ನೀರಾಗಿಯೇ ಉಳಿಯಿತು. ನಮ್ಮ ಅತ್ತೆಯವರು ಮೊಟ್ಟೆ ತಿನ್ನುವುದಿಲ್ಲ. ಅವರಿಗೂ ಆಗುವಂಥದ್ದು ಈ ಪೈಕಿ ಏನಾದರೂ ಇದೆಯೇ?

ಉತ್ತರ: ಬೇಕಿಂಗ್ ಪೌಡರನ್ನು ಅಜ್ಜಿ ಮರೆತಿಲ್ಲ. ಈ ಕೇಕಿಗೆ ಅದು ಬೇಡವೇ ಬೇಡ. ನಿಮ್ಮ ಕೇಕ್ ಉಬ್ಬದೆ ಕೆಟ್ಟದ್ದಲ್ಲ, ಉಬ್ಬಿದ ಮೇಲೆ ಗಟ್ಟಿಯಾಗಿ ನಿಲ್ಲಲಾಗದೆ ಕೆಟ್ಟದ್ದು. ಪೌಡರ್ ಹಾಕಿದರೆ ಇನ್ನೂ ಹೆಚ್ಚು ಉಬ್ಬಿ ಇನ್ನೂ ಆಳಕ್ಕೆ ಕುಸಿಯುತ್ತದೆ.

ಇಂಥ ಚೀಟಿಗಳನ್ನು ಬರೆದವರು ಕಲಿಸಲು ಬರೆದದ್ದಲ್ಲ, ತಮಗೇ ನೆನಪಿಗಿರಲಿ ಎಂದು ಬರೆದದ್ದು. ಯಾವ ಹಿಟ್ಟು, ಎಷ್ಟು ದೊಡ್ಡ ಪಾತ್ರೆ, ಎಂಥ ಓವನ್ ಎಂಬುದು ಆ ಮನೆಯವರಿಗೆಲ್ಲ ಗೊತ್ತಿದ್ದುದರಿಂದ ಬರೆಯಲಿಲ್ಲ. ಊರು ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂಬುದು ಅವರ ತಲೆಗೇ ಬಂದಿರದು. ನಿಮ್ಮ ಕೇಕ್ ಸೋತಿರುವುದು ಹೀಗೆ ಬರೆಯದೆ ಬಿಟ್ಟ ಜಾಗಗಳಲ್ಲೇ.

ಎತ್ತರದಿಂದಲೇ ಶುರು ಮಾಡೋಣ, ಏಕೆಂದರೆ ಹೆಚ್ಚಿನವರು ನೋಡದ ಕಾರಣ ಇದು. ಮೇಕನ್ ಇರುವುದು ಸಮುದ್ರಮಟ್ಟದಿಂದ ನೂರು ಮೀಟರ್ ಆಸುಪಾಸಿನಲ್ಲಿ, ಬೆಂಗಳೂರು 900 ಮೀಟರ್ ಮೇಲೆ. ಇಲ್ಲಿ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಹಿಟ್ಟಿನೊಳಗಿನ ಗುಳ್ಳೆಗಳು ಬೇಗ ಹಿಗ್ಗುತ್ತವೆ, ನೀರಂಶ ಬೇಗ ಆವಿಯಾಗಿ ಸಕ್ಕರೆಯ ಸಾಂದ್ರತೆ ಏರುತ್ತದೆ. ಸಕ್ಕರೆ ಹೆಚ್ಚಿದಷ್ಟೂ ಮೊಟ್ಟೆ ಗಟ್ಟಿಯಾಗಲು, ಹಿಟ್ಟಿನ ಪಿಷ್ಟ ಬೇಯಲು ಹೆಚ್ಚು ಶಾಖ ಬೇಕು. ಅಂದರೆ ಗುಳ್ಳೆಗಳು ಅವಸರದಲ್ಲಿವೆ, ಗೋಡೆ ಕಟ್ಟುವವರು ನಿಧಾನ. ಈ ಚೀಟಿಯಲ್ಲಿ ಸಕ್ಕರೆ ಮೊದಲೇ ಹಿಟ್ಟಿಗಿಂತ ಬಹಳ ಹೆಚ್ಚಿರುವುದರಿಂದ ವ್ಯತ್ಯಾಸ ಎದ್ದು ಕಾಣುತ್ತದೆ. 3 ಕಪ್ ಸಕ್ಕರೆ ಎಂದರೆ 600 ಗ್ರಾಂ. ಬೆಂಗಳೂರಿನಲ್ಲಿ 560 ಗ್ರಾಂಗೆ ಇಳಿಸಿ. ಮೈಸೂರಿಗೂ ಇದೇ ಲೆಕ್ಕ ಸಾಕು. ಮಂಗಳೂರು, ಕಾರವಾರದವರು ಚೀಟಿಯಲ್ಲಿದ್ದ ಹಾಗೆಯೇ ಮಾಡಬಹುದು.

ಇನ್ನು ಅಳತೆ. ಅಮೆರಿಕದ ಕಪ್ ಸುಮಾರು 237 ಮಿಲಿಲೀಟರ್. ನಮ್ಮಲ್ಲಿ ಮಾರುವ ಅಳತೆ ಕಪ್‌ಗಳು 240 ಇರಬಹುದು, 250 ಇರಬಹುದು. ಅದಕ್ಕಿಂತ ದೊಡ್ಡ ಮೋಸ ಹಿಟ್ಟು ತುಂಬುವ ರೀತಿಯಲ್ಲಿದೆ: ಡಬ್ಬಕ್ಕೆ ಕಪ್ ಅದ್ದಿ ತೆಗೆದರೆ 140 ಗ್ರಾಂ ಬರುವ ಮೈದಾ, ಜರಡಿ ಹಿಡಿದು ಚಮಚದಲ್ಲಿ ತುಂಬಿದರೆ 115 ಗ್ರಾಂಗೆ ನಿಲ್ಲುತ್ತದೆ. ಹಾಗಾಗಿ ಕಪ್ ಬಿಡಿ, ತೂಕದ ಯಂತ್ರ ಹಿಡಿಯಿರಿ. ಒಂದು ಸ್ಟಿಕ್ ಬೆಣ್ಣೆ 113 ಗ್ರಾಂ. ಓಲಿಯೋ ಎಂದರೆ ಮಾರ್ಗರೀನ್. ಬೆಣ್ಣೆ ದುಬಾರಿಯಾಗಿದ್ದ ಕಾಲದ ಚೀಟಿಗಳಲ್ಲಿ ಈ ಪದ ತುಂಬ ಸಿಗುತ್ತದೆ. ಅದರ ಜಾಗಕ್ಕೆ ಅಷ್ಟೇ ತೂಕದ ಬೆಣ್ಣೆ ಹಾಕಿ, ರುಚಿ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು.

ಬೆಣ್ಣೆ ಉಪ್ಪಿಲ್ಲದ್ದಾಗಿರಲಿ. ಉಪ್ಪಿನ ಬೆಣ್ಣೆಯೇ ಸಿಕ್ಕರೆ ಚೀಟಿಯ ಉಪ್ಪನ್ನು ಪೂರ್ತಿ ಬಿಟ್ಟುಬಿಡಿ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಮಜ್ಜಿಗೆ, ನೀರು ಉಳಿದಿರುತ್ತದೆ; ಐಸ್ ನೀರಿನಲ್ಲಿ ತೊಳೆದು ಚೆನ್ನಾಗಿ ಹಿಂಡಿ, ತಣ್ಣಗೆ ಗಟ್ಟಿ ಮಾಡಿಕೊಂಡರೆ ಮಾತ್ರ ನಡೆಯುತ್ತದೆ. ತುಪ್ಪ ಬೇಡ. ಇಲ್ಲಿ ಕೇಕನ್ನು ಎಬ್ಬಿಸುವುದೇ ಬೆಣ್ಣೆಯೊಳಗೆ ಸೇರಿಸುವ ಗಾಳಿ, ತುಪ್ಪ ಅದನ್ನು ಹಾಗೆ ಹಿಡಿದಿಡುವುದಿಲ್ಲ.

ಹಿಟ್ಟಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬೆಳೆಯುತ್ತಿದ್ದುದು ಚಳಿಗಾಲದ ಮೆದು ಕೆಂಪು ಗೋಧಿ. ಅದರ ಹಿಟ್ಟಿನಲ್ಲಿ ಪ್ರೋಟೀನ್ ಕಡಿಮೆ. 1883ರಲ್ಲಿ ಟೆನೆಸಿಯ ನಾಕ್ಸ್‌ವಿಲ್‌ನಲ್ಲಿ ಶುರುವಾದ ವೈಟ್ ಲಿಲಿ ಹಿಟ್ಟು ಆ ಭಾಗದ ಅಡುಗೆಮನೆಗಳಲ್ಲಿ ಹೆಸರು ಮಾಡಿದ್ದು ಇದರಿಂದಲೇ. ಕೇಕ್ ಫ್ಲೋರ್ ಇನ್ನೂ ನುಣ್ಣಗಿನದು, ಅದಕ್ಕೆ ಕ್ಲೋರಿನ್ ಹಾಯಿಸಿರುತ್ತಾರೆ. ಹಾಗೆ ಮಾಡಿದ ಪಿಷ್ಟ ಹೆಚ್ಚು ಸಕ್ಕರೆ, ಹೆಚ್ಚು ಜಿಡ್ಡನ್ನು ಕುಸಿಯದೆ ಹೊರುತ್ತದೆ. ಹಿಟ್ಟಿನ ಒಂದೂಮುಕ್ಕಾಲು ಪಟ್ಟು ಸಕ್ಕರೆ ಹಾಕುವ ಧೈರ್ಯ ಅಜ್ಜಿಗೆ ಬಂದದ್ದು ಆ ಹಿಟ್ಟಿನ ಬಲದಿಂದ. ನಮ್ಮ ಮೈದಾಕ್ಕೆ ಆ ಶಕ್ತಿ ಇಲ್ಲ. ಜೊತೆಗೆ ಜಾಸ್ತಿ ಕಲಸಿದರೆ ನಾರಾಗುತ್ತದೆ. 300 ಗ್ರಾಂ ಮೈದಾಕ್ಕೆ 45 ಗ್ರಾಂ ಬಿಳಿ ಕಾರ್ನ್‌ಫ್ಲೋರ್ ಸೇರಿಸಿ ಮೂರು ಸಲ ಜರಡಿ ಹಿಡಿದರೆ ಮೃದುತನ ಹತ್ತಿರ ಹತ್ತಿರ ಬರುತ್ತದೆ. ಕ್ಲೋರಿನ್ನಿನ ಕೆಲಸವನ್ನು ಕಾರ್ನ್‌ಫ್ಲೋರ್ ಮಾಡಲಾರದು. ಸಕ್ಕರೆ ಇಳಿಸಲು ಇದು ಎರಡನೆಯ ಕಾರಣ.

ಅಮೆರಿಕದ ಲಾರ್ಜ್ ಮೊಟ್ಟೆ ಸಿಪ್ಪೆ ತೆಗೆದರೆ 50 ಗ್ರಾಂ. ನಮ್ಮ ಅಂಗಡಿಯ ಮೊಟ್ಟೆ ಹೆಚ್ಚಾಗಿ ಅದಕ್ಕಿಂತ ಸಣ್ಣದು. ಒಡೆದು ತೂಗಿ 300 ಗ್ರಾಂ ಮಾಡಿಕೊಳ್ಳಿ, ಏಳು ಬೇಕಾಗಬಹುದು. ಗೋಡೆ ಕಟ್ಟುವುದೇ ಮೊಟ್ಟೆಯಾದ್ದರಿಂದ ಇಲ್ಲಿ ಜಿಪುಣತನ ಮಾಡಿದರೆ ಕುಸಿತ ಖಂಡಿತ. ಕ್ರೀಮ್ ಕೂಡ ಹಾಗೆಯೇ: ಚೀಟಿಯ ವಿಪ್ಪಿಂಗ್ ಕ್ರೀಮ್ ಎಂದರೆ ಅಲ್ಲಿನ ಹೆವಿ ಕ್ರೀಮ್, ಅದರಲ್ಲಿ ಕೊಬ್ಬು 36 ಶೇಕಡಾ, ಇಲ್ಲಿ ಪೊಟ್ಟಣದಲ್ಲಿ ಸಿಗುವ ಫ್ರೆಶ್ ಕ್ರೀಮ್‌ನಲ್ಲಿ 25. 240 ಮಿಲಿಲೀಟರ್ ಬದಲು 210 ಮಿಲಿಲೀಟರ್ ಫ್ರೆಶ್ ಕ್ರೀಮ್ ಹಾಕಿ, ಬೆಣ್ಣೆಯನ್ನು 30 ಗ್ರಾಂ ಏರಿಸಿ. ಕೇಕಿನ ಮೇಲೆ ಹೂ ಬಿಡಿಸಲು ಫ್ರೀಜರ್‌ನಲ್ಲಿ ಮಾರುವ ವಿಪ್ಪಿಂಗ್ ಕ್ರೀಮ್ ತರಬೇಡಿ, ಅದರಲ್ಲಿ ಬಹುಪಾಲು ಸಿಹಿ ಸೇರಿಸಿದ ವನಸ್ಪತಿ ಕೊಬ್ಬು.

ಒಟ್ಟು ಲೆಕ್ಕ ಹೀಗಾಯಿತು: ಬೆಣ್ಣೆ 256 ಗ್ರಾಂ, ಸಕ್ಕರೆ 560 ಗ್ರಾಂ, ಮೊಟ್ಟೆ 300 ಗ್ರಾಂ, ಮೈದಾ 300 ಮತ್ತು ಕಾರ್ನ್‌ಫ್ಲೋರ್ 45 ಗ್ರಾಂ, ಫ್ರೆಶ್ ಕ್ರೀಮ್ 210 ಮಿಲಿಲೀಟರ್, ವೆನಿಲಾ 2 ಟೀ ಚಮಚ, ಉಪ್ಪು ಅರ್ಧ ಟೀ ಚಮಚ.

ಕಲಸುವಾಗ ಗಮನವೆಲ್ಲ ಬೆಣ್ಣೆಯ ಮೇಲಿರಲಿ. ಅದು 18ರಿಂದ 20 ಡಿಗ್ರಿಯಲ್ಲಿರಬೇಕು: ಬೆರಳೊತ್ತಿದರೆ ಗುಳಿ ಬೀಳಬೇಕು, ಬೆರಳಿಗೆ ಜಿಡ್ಡು ಮೆತ್ತಿಕೊಳ್ಳಬಾರದು. ಏಪ್ರಿಲ್ ತಿಂಗಳ ಅಡುಗೆಮನೆಯಲ್ಲಿ ಬೆಣ್ಣೆ ಹೊರಗಿಟ್ಟು ಮರೆತರೆ ಅರ್ಧ ಗಂಟೆಯಲ್ಲೇ ಇದು ಕೈಮೀರುತ್ತದೆ. ಒಮ್ಮೆ ಎಣ್ಣೆಬಿಟ್ಟ ಬೆಣ್ಣೆಯನ್ನು ಎಷ್ಟು ಬೀಟ್ ಮಾಡಿದರೂ ಗಾಳಿ ನಿಲ್ಲದು. ನಮ್ಮ ಸಕ್ಕರೆ ಹರಳು ದಪ್ಪ, ಮಿಕ್ಸಿಯಲ್ಲಿ ಎರಡೇ ಸಲ ತಿರುಗಿಸಿ ಸಣ್ಣ ರವೆಯಷ್ಟು ಮಾಡಿಕೊಳ್ಳಿ. ಪುಡಿ ಮಾಡಬೇಡಿ, ಬೆಣ್ಣೆಯಲ್ಲಿ ಗಾಳಿಗೆ ಜಾಗ ಕೊರೆಯುವುದು ಹರಳಿನ ಮೊನೆಯೇ. ಕೈಯಲ್ಲಿ ಹಿಡಿಯುವ ಬೀಟರಿನಲ್ಲಿ ಮಧ್ಯಮ ವೇಗದಲ್ಲಿ ಆರೇಳು ನಿಮಿಷ, ಬಣ್ಣ ತಿಳಿಯಾಗಿ ಹಗುರಾಗುವವರೆಗೆ. ಬಟ್ಟಲು ಬೆಚ್ಚಗಾಗುತ್ತಿದೆ ಎನಿಸಿದರೆ ಐದು ನಿಮಿಷ ಫ್ರಿಜ್ಜಿನಲ್ಲಿಟ್ಟು ಮುಂದುವರಿಸಿ.

ಮೊಟ್ಟೆ ಫ್ರಿಜ್ಜಿನ ತಣ್ಣಗಿನದಾಗಿರಬಾರದು. ಒಂದೊಂದೇ ಹಾಕಿ, ಒಂದು ಪೂರ್ತಿ ಬೆರೆತ ಮೇಲೆ ಇನ್ನೊಂದು. ಮಿಶ್ರಣ ಒಡೆದ ಹಾಲಿನಂತೆ ಕಂಡರೆ ಅಳೆದಿಟ್ಟ ಹಿಟ್ಟಿನಿಂದಲೇ ಎರಡು ಚಮಚ ಹಾಕಿ ತಿರುಗಿಸಿ, ಕೂಡಿಕೊಳ್ಳುತ್ತದೆ. ಒಡೆದದ್ದನ್ನು ಹಾಗೇ ಬಿಟ್ಟರೆ ನೀರಂಶ ತಳಕ್ಕಿಳಿದು ನೀವು ಕಂಡ ಹಸಿ ಪಟ್ಟಿಯಾಗುತ್ತದೆ. ಮೊಟ್ಟೆ ಹಾಕಿದ ಮೇಲೆ ವೇಗ ಏರಿಸಿ ಬಹಳ ಹೊತ್ತು ಬೀಟ್ ಮಾಡುವುದೂ ತಪ್ಪೇ, ಬೇಯುವಾಗ ಮೇಲೆ ಹಾರಿ ಆಮೇಲೆ ಇಳಿಯುತ್ತದೆ. ಕೊನೆಗೆ ಹಿಟ್ಟು ಮೂರು ಪಾಲು, ಕ್ರೀಮ್ ಎರಡು ಪಾಲು. ಹಿಟ್ಟಿನಿಂದ ಶುರು ಮಾಡಿ ಹಿಟ್ಟಿನಿಂದಲೇ ಮುಗಿಸಿ. ಒಣಹಿಟ್ಟು ಕಾಣದಾದ ಕೂಡಲೇ ಬೀಟರ್ ನಿಲ್ಲಿಸಿ.

ಚೆಲ್ಲಿದ್ದಕ್ಕೆ ಕಾರಣ ಸರಳ. ಈ ಅಳತೆಗೆ ಸುಮಾರು 2 ಲೀಟರ್ ಹಿಟ್ಟಾಗುತ್ತದೆ. ಆ ಕಾಲದ ಮನೆಗಳಲ್ಲಿದ್ದುದು ನೇರ ಗೋಡೆಯ, ನಡುವೆ ಕೊಳವೆಯ 10 ಇಂಚಿನ ಟ್ಯೂಬ್ ಪಾತ್ರೆ. ಅದು ಮೂರೂವರೆ ಲೀಟರಿನ ಮೇಲೆ ಹಿಡಿಯುತ್ತದೆ. ಗೀರುಗಳಿರುವ ಬಂಟ್ ಪಾತ್ರೆ ನೋಡಲು ಅದೇ ಥರ ಇದ್ದರೂ ಹಿಡಿಯುವುದು ಕಡಿಮೆ, ನಮ್ಮಲ್ಲಿ ಮಾರುವ ಸಣ್ಣವು 2 ಲೀಟರಿಗೇ ತುಂಬಿಬಿಡುತ್ತವೆ. ನಿಮ್ಮ ಪಾತ್ರೆಗೆ ನೀರು ತುಂಬಿ ಅಳೆಯಿರಿ. ಹಿಟ್ಟು ಮೂರರಲ್ಲಿ ಎರಡು ಪಾಲು ದಾಟಬಾರದು. ನನ್ನ ಸಲಹೆ ಕೇಳಿದರೆ ಈ ಓಟಿಜಿಗೆ ದೊಡ್ಡ ಪಾತ್ರೆಯೇ ಬೇಡ. ಎಲ್ಲವನ್ನೂ ಅರ್ಧ ಮಾಡಿ, ಎಂಟೂವರೆಗೆ ನಾಲ್ಕೂವರೆ ಇಂಚಿನ ಬ್ರೆಡ್ ಟಿನ್ನಿನಲ್ಲಿ ಬೇಯಿಸಿ. ಆಕಾರ ಬೇರೆಯಾಗುತ್ತದೆ, ಕೇಕ್ ಅದೇ.

ತಣ್ಣನೆಯ ಓವನ್ ಎಂಬುದು ಹುಚ್ಚಾಟವಲ್ಲ. ಗ್ಯಾಸ್ ಒಲೆಗಳು ಹೊಸದಾಗಿ ಬಂದ ಕಾಲದಲ್ಲಿ ಗ್ಯಾಸ್ ಉಳಿತಾಯವಾಗುತ್ತದೆಂದು ಹಬ್ಬಿದ ಪದ್ಧತಿ ಎನ್ನುತ್ತಾರೆ. ಅದೇನೇ ಇರಲಿ, ನಿಧಾನಕ್ಕೆ ಬಿಸಿಯೇರುವುದರಿಂದ ಮೇಲ್ಪದರ ತಡವಾಗಿ ಗಟ್ಟಿಯಾಗುತ್ತದೆ, ಕೇಕ್ ಸಮನಾಗಿ ಏಳುತ್ತದೆ, ಹೊರಗೆ ದಪ್ಪನೆಯ ಗರಿಗರಿ ಪದರ ಬರುತ್ತದೆ. ಆದರೆ ದೊಡ್ಡ ಗ್ಯಾಸ್ ಓವನ್‌ನಲ್ಲಿ ಉರಿ ಕೆಳಗಿರುತ್ತದೆ. ಓಟಿಜಿ ಬಿಸಿಯಾಗುವಾಗ ಮೇಲಿನ ರಾಡ್ ಕೆಂಪಗೆ ಕಾದು ಕೇಕಿನ ನೆತ್ತಿಯ ಹತ್ತಿರವೇ ಉರಿಯುತ್ತದೆ. ಒಳಗೆ ಇನ್ನೂ ಬೆಂದಿಲ್ಲ, ಮೇಲೆ ಕರಿ: ಇದು ನಿಮಗಾದದ್ದು. ಆದ್ದರಿಂದ ಕೆಳಗಿನ ರಾಡ್ ಮಾತ್ರ ಹಾಕಿ, ಟಿನ್ನನ್ನು ಕೆಳಗಿನ ಹಂತದಲ್ಲಿಟ್ಟು ತಣ್ಣಗಿರುವಾಗಲೇ ಶುರು ಮಾಡಿ. 325 ಎಂಬುದು ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 163, 165ಕ್ಕೆ ತಿರುಗಿಸಿ. 45 ನಿಮಿಷವಾದ ಮೇಲೆ ಎರಡೂ ರಾಡ್ ಹಾಕಿ, 55 ನಿಮಿಷ ಕಳೆದು ಬಾಗಿಲು ತೆಗೆದಾಗ ಬಣ್ಣ ಬಂದುಬಿಟ್ಟಿದ್ದರೆ ಮೇಲೆ ಅಲ್ಯೂಮಿನಿಯಂ ಹಾಳೆ ಸಡಿಲವಾಗಿ ಹೊದಿಸಿ. ಓಟಿಜಿಯ ತಿರುಗಣೆ 15–20 ಡಿಗ್ರಿ ಸುಳ್ಳು ಹೇಳುವುದು ಸಾಮಾನ್ಯ, ಒಳಗೆ ತೂಗುಹಾಕುವ ಥರ್ಮಾಮೀಟರ್ ಒಂದನ್ನು ಕೊಳ್ಳಿ.

ಇನ್ನೊಂದು ಚಿಕ್ಕ ಸಂಗತಿ ಬಹಳ ಕೇಕುಗಳನ್ನು ಕೆಡಿಸಿದೆ. ಎಷ್ಟೋ ಓಟಿಜಿಗಳ ಟೈಮರ್ 60 ನಿಮಿಷಕ್ಕೇ ಮುಗಿದು ಗಂಟೆ ಬಾರಿಸಿ ಆರಿಹೋಗುತ್ತದೆ. 80 ನಿಮಿಷದ ಕೇಕಿಗೆ ನಡುವೆ ಮತ್ತೆ ತಿರುಗಿಸದಿದ್ದರೆ ಕೊನೆಯ 20 ನಿಮಿಷ ಕೇಕ್ ಬರೀ ಆರುತ್ತಿರುತ್ತದೆ. ತಳದ ಹಸಿ ಪಟ್ಟಿಯ ಮುಖ್ಯ ಕಾರಣ ಕಡಿಮೆ ಬೇಯುವುದು; ಮೊದಲು ಇದನ್ನು ಪರೀಕ್ಷಿಸಿ. ಅರ್ಧ ಅಳತೆಯ ಬ್ರೆಡ್ ಟಿನ್ನಿಗೆ ತಣ್ಣಗಿನಿಂದ ಶುರುವಾಗಿ 70ರಿಂದ 80 ನಿಮಿಷ ಬೇಕು. ಮೊದಲ 55 ನಿಮಿಷ ಬಾಗಿಲು ತೆಗೆಯಬೇಡಿ. ಆಮೇಲೆ ಕಡ್ಡಿ ಚುಚ್ಚಿದರೆ ಒಂದೆರಡು ತುಣುಕು ಅಂಟಬಹುದು, ಹಿಟ್ಟು ಅಂಟಬಾರದು. ಅಮೆರಿಕದವರು ನಡುಭಾಗ 99 ಡಿಗ್ರಿಗೆ ಬರಲಿ ಎನ್ನುತ್ತಾರೆ. ಬೆಂಗಳೂರಿನಲ್ಲಿ ಅದಕ್ಕೆ ಕಾದು ಕುಳಿತರೆ ಕೇಕ್ ಒಣಗಿ ಹೋಗುತ್ತದೆ, 95–96 ಸಾಕು. ಹೊರಗೆ ತೆಗೆದು 15 ನಿಮಿಷ ಬಿಟ್ಟು ಮಗುಚಿ. ಪೂರ್ತಿ ಆರುವವರೆಗೆ ಟಿನ್ನಿನಲ್ಲೇ ಬಿಟ್ಟರೆ ಸಕ್ಕರೆ ಪದರ ಅಂಟಿಕೊಳ್ಳುತ್ತದೆ. ಕೊಯ್ಯುವುದು ಮರುದಿನ. ಅಂದಹಾಗೆ ಆ ಹಸಿ ಪಟ್ಟಿಯನ್ನೇ ಇಷ್ಟಪಟ್ಟು, ಅದು ಬರಲಿ ಎಂದು ಬೇಗ ತೆಗೆಯುವ ಮನೆಗಳೂ ಆ ಕಡೆ ಇವೆ. ಅಳಿಯಂದಿರನ್ನು ಒಮ್ಮೆ ಕೇಳಿ ನೋಡಿ.

ಪೆಕಾನ್ ಪೈ ನೀರಾಗಿದ್ದಕ್ಕೆ ಮೊದಲ ಅನುಮಾನ ಅವಸರದ ಮೇಲೆ. ಅದರ ಒಳಭಾಗ ಮೊಟ್ಟೆಯಿಂದ ಗಟ್ಟಿಯಾಗುವ ಪಾಕ. ನಡುಭಾಗ 93 ಡಿಗ್ರಿ ಮುಟ್ಟಬೇಕು, ಆಮೇಲೆ ಕನಿಷ್ಠ ನಾಲ್ಕು ಗಂಟೆ ಆರಬೇಕು. ಬಿಸಿಯಲ್ಲಿ ಕೊಯ್ದರೆ ಸರಿಯಾಗಿ ಬೆಂದದ್ದೂ ಹರಿಯುತ್ತದೆ. 9 ಇಂಚಿನ ಪೈಗೆ 1 ಕಪ್ ಕಾರ್ನ್ ಸಿರಪ್, 200 ಗ್ರಾಂ ಸಕ್ಕರೆ, 150 ಗ್ರಾಂ ಮೊಟ್ಟೆ, 30 ಗ್ರಾಂ ಕರಗಿಸಿದ ಬೆಣ್ಣೆ, ಕಾಲು ಟೀ ಚಮಚ ಉಪ್ಪು, 1 ಟೀ ಚಮಚ ವೆನಿಲಾ, 160 ಗ್ರಾಂ ಪೆಕಾನ್. 175 ಡಿಗ್ರಿಯಲ್ಲಿ ಸುಮಾರು 60 ನಿಮಿಷ. ಅಂಚು ಗಟ್ಟಿಯಾಗಿ ನಡುವೆ ಮಾತ್ರ ಸ್ವಲ್ಪ ಅಲುಗಬೇಕು. ಹೊರಕವಚ ತಳದಲ್ಲಿ ಹಸಿಯಾದರೆ, ಮೊದಲೇ ಕಾಯಿಸಿದ ತಟ್ಟೆಯ ಮೇಲೆ ಪೈ ಇಡಿ.

ಕಾರ್ನ್ ಸಿರಪ್ ಸಿಗದಿದ್ದರೆ 300 ಗ್ರಾಂ ಲಿಕ್ವಿಡ್ ಗ್ಲೂಕೋಸ್‌ಗೆ 2 ಟೇಬಲ್ ಚಮಚ ಬಿಸಿನೀರು ಬೆರೆಸಿ. ಇನ್ನೂ ಒಳ್ಳೆಯ ದಾರಿ ಮಲೆನಾಡಿನಲ್ಲಿದೆ. ಅಮೆರಿಕದ ಲೂಯಿಸಿಯಾನಾ ರಾಜ್ಯದಲ್ಲಿ ಈ ಪೈಗೆ ಕಬ್ಬಿನ ಸಿರಪ್ ಹಾಕುತ್ತಾರೆ. ಅಬೆವಿಲ್ ಊರಿನ ಸ್ಟೀನ್ಸ್ ಗಾಣದವರು 1910ರಿಂದ ಅದನ್ನು ಮಾಡುತ್ತಿದ್ದಾರೆ. ನಮ್ಮ ಜೋನಿ ಬೆಲ್ಲ ಅದರ ಹತ್ತಿರದ ನೆಂಟ. ಅರ್ಧ ಗ್ಲೂಕೋಸ್, ಅರ್ಧ ಜೋನಿ ಬೆಲ್ಲ ಹಾಕಿ, ಸಕ್ಕರೆಯನ್ನು 150 ಗ್ರಾಂಗೆ ಇಳಿಸಿ. ಪೂರ್ತಿ ಜೋನಿ ಬೆಲ್ಲವೇ ಹಾಕಿದರೆ ಆರಿದ ಮೇಲೆ ಹರಳುಗಟ್ಟುವ ಸಾಧ್ಯತೆ ಇದೆ, ಗ್ಲೂಕೋಸ್ ಅದನ್ನು ತಡೆಯುತ್ತದೆ. ಬೆಲ್ಲ ತೆಳ್ಳಗಿದ್ದರೆ ಸ್ವಲ್ಪ ಕುದಿಸಿ ಗಟ್ಟಿ ಮಾಡಿ, ಪೂರ್ತಿ ಆರಿದ ಮೇಲೆಯೇ ಮೊಟ್ಟೆಗೆ ಬೆರೆಸಿ. ಪೆಕಾನ್ ದುಬಾರಿಯೆನಿಸಿದರೆ ಹುರಿದ ಅಕ್ರೋಟು ಆಗುತ್ತದೆ, ಸಿಪ್ಪೆಯ ಒಗರು ಮಾತ್ರ ಇರುತ್ತದೆ. ಈಗ ಮಾರುಕಟ್ಟೆಯಲ್ಲಿರುವ ದಪ್ಪ, ತೆಳು ಚಿಪ್ಪಿನ ಪೆಕಾನ್ ಬೆಳೆಗೆ ದಾರಿ ಮಾಡಿದ್ದು ಲೂಯಿಸಿಯಾನಾದ ಓಕ್ ಆಲಿ ತೋಟದಲ್ಲಿ ಗುಲಾಮನಾಗಿದ್ದ ಆಂಟ್ವಾನ್ ಎಂಬ ತೋಟಗಾರ. 1840ರ ದಶಕದಲ್ಲಿ ಅವನು ಕಸಿ ಕಟ್ಟಿದ ತಳಿ 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಮೆಚ್ಚುಗೆ ಪಡೆಯಿತು. ಅವನ ಮನೆತನದ ಹೆಸರು ಕೂಡ ದಾಖಲಾಗಲಿಲ್ಲ. ಅಮೆರಿಕದ ದಕ್ಷಿಣದ ಅಡುಗೆ ಎಂದು ಹೆಸರಾದ ಎಷ್ಟೋ ತಿನಿಸುಗಳು ಇಂಥ ಕೈಗಳಿಂದಲೇ ಬಂದವು.

ಅತ್ತೆಯವರಿಗಾಗಿ ಪೌಂಡ್ ಕೇಕನ್ನು ಮೊಟ್ಟೆಯಿಲ್ಲದೆ ಮಾಡಲು ಹೋಗಬೇಡಿ. ಮೊಸರು ಹಾಕಿ ಬೇರೆ ಒಳ್ಳೆಯ ಕೇಕ್ ಮಾಡಬಹುದು, ಅದು ಇದಾಗುವುದಿಲ್ಲ. ಜಾರ್ಜಿಯಾದವರದೇ ಪೀಚ್ ಕಾಬ್ಲರ್ (ಪೀಚ್ ಹಣ್ಣಿನ ಹೋಳುಗಳ ಜೊತೆ ಹಿಟ್ಟು ಬೇಯಿಸುವ ಸಿಹಿ) ಮಾಡಿ. ಈ ಬಗೆಯದ್ದಕ್ಕೆ ಮೊದಲಿನಿಂದಲೂ ಮೊಟ್ಟೆ ಇಲ್ಲ. 100 ಗ್ರಾಂ ಬೆಣ್ಣೆಯನ್ನು 8 ಇಂಚಿನ ಆಳವಾದ ಚೌಕ ಪಾತ್ರೆಯಲ್ಲೇ ಕರಗಿಸಿ. 120 ಗ್ರಾಂ ಮೈದಾ, ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಕಾಲು ಟೀ ಚಮಚ ಉಪ್ಪು, 150 ಗ್ರಾಂ ಸಕ್ಕರೆ, 240 ಮಿಲಿಲೀಟರ್ ಹಾಲು ಸೇರಿಸಿ ದೋಸೆ ಹಿಟ್ಟಿಗಿಂತ ತೆಳ್ಳಗೆ ಕಲಸಿ ಬೆಣ್ಣೆಯ ಮೇಲೆ ಸುರಿಯಿರಿ. ಅದರ ಮೇಲೆ ಅರ್ಧ ಕಿಲೋ ಪೀಚ್ ಹೋಳು. ಹೋಳಿಗೆ ಮೊದಲೇ 50 ಗ್ರಾಂ ಸಕ್ಕರೆ, ಅರ್ಧ ನಿಂಬೆಯ ರಸ ಹಾಕಿ ಹತ್ತು ನಿಮಿಷ ಬಿಟ್ಟಿರಬೇಕು. ಎಲ್ಲೂ ಕಲಕಬಾರದು, ಬೇಯುತ್ತ ಹಿಟ್ಟು ತಾನೇ ಹಣ್ಣಿನ ನಡುವಿನಿಂದ ಮೇಲೇಳುತ್ತದೆ, ಅಂಚಿನಲ್ಲಿ ಬೆಣ್ಣೆಯಲ್ಲಿ ಕರಿದಂತೆ ಗರಿಯಾಗುತ್ತದೆ. ಕಲಕಿದರೆ ಬೆಣ್ಣೆ ಹಿಟ್ಟಿಗೆ ಸೇರಿ ಮುದ್ದೆಯಾಗಿ ಕುಳಿತುಬಿಡುತ್ತದೆ. ಇದಕ್ಕೆ ಓಟಿಜಿ ಮೊದಲೇ 175 ಡಿಗ್ರಿಗೆ ಕಾದಿರಲಿ, 50 ನಿಮಿಷ ಬೇಕು.

ಹಿಮಾಚಲದ ಪೀಚ್ ಸಿಗುವುದು ಬೇಸಿಗೆಯ ಕೊನೆಗೆ ಕೆಲವೇ ವಾರ. ಮಿಕ್ಕ ಕಾಲದಲ್ಲಿ ಡಬ್ಬಿಯದನ್ನು ತಂದರೆ ಪಾಕ ಪೂರ್ತಿ ಬಸಿದು, ಹೋಳಿಗೆ ಹಾಕುವ 50 ಗ್ರಾಂ ಸಕ್ಕರೆ ಬಿಡಿ. ನಿಂಬೆರಸ ಮಾತ್ರ ಬಿಡಬೇಡಿ.